ಮಾಮ ಅಗಿದ ಗೋಧಿ

ನಮ್ಮ ಸೋದರಮಾವ ಬರುತ್ತಾನೆಂದರೆ ನೆಂಟರು ಮೊದಲು ಗೋಧಿಯ ಚೀಲ ಬಚ್ಚಿಡುತ್ತಿದ್ದರು. ಅವನು ಕಳ್ಳನೆಂದಲ್ಲ, ಪರೀಕ್ಷಕನೆಂದು. ಯಾರ ಮನೆಗೆ ಹೋದರೂ ಒಂದು ಹಿಡಿ ಕಾಳು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, "ಯೂರಿಯಾ ಹಾಕ್ಯಾರ. ಸತ್ವ ಇಲ್ಲ" ಎಂದು ತೀರ್ಪು ಕೊಡುತ್ತಿದ್ದ. ಎಲೆ ಹಾಕುವ ಮೊದಲೇ ಮನೆಯೊಡತಿಯ ಮುಖ ಬಾಡುತ್ತಿತ್ತು.

ಅವನ ಹೊಲ ಇದ್ದದ್ದು ಸನ್ನತಿಯ ಹತ್ತಿರ. ಬೇಸಿಗೆ ರಜೆಗೆ ಹೋದ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಯೂರಿಯಾ ಕಾಣದ ತನ್ನ ಗೋಧಿ ಅಗಿಸುತ್ತಿದ್ದ. ಅಗಿದಷ್ಟೂ ಅದು ಅಂಟಂಟಾಗಿ ಬಾಯಿ ತುಂಬುತ್ತಿತ್ತು. ಚಿತ್ತಾಪುರದ ಪೇಟೆಯಲ್ಲಿ ಬಬಲ್‌ಗಮ್ ಕೊಡಿಸುವುದನ್ನು ತಪ್ಪಿಸಿಕೊಳ್ಳಲು ಹೂಡಿದ ಉಪಾಯವದು ಎಂದು ನಾವು ಬಹಳ ದಿನ ನಂಬಿದ್ದೆವು. ಈಗ ಯಾವ ಅಂಗಡಿಯಲ್ಲಿ ಆ ರುಚಿ ಸಿಕ್ಕೀತು?

ನನಗೆ ಹೆಣ್ಣು ನೋಡಲು ಸೇಡಂಗೆ ಹೋದಾಗ ಹುಡುಗಿ ಚಹಾ ತಂದಿಟ್ಟಳು. ಮಾಮ ಅವಳತ್ತ ನೋಡಲೂ ಇಲ್ಲ. ಅವಳ ತಂದೆಗೆ, "ಒಂದ್ ಹಿಡಿ ಗೋದಿ ತರಸ್ರಿ" ಎಂದ. ಅಗಿದು, ಮುಖ ಕಿವುಚಿ, "ನಿಮ್ಮ ಹೊಲಕ್ಕ ಯೂರಿಯಾ ಭಾಳ ಆಗ್ಯಾದ್ರಿ" ಎಂದ.

"ನಮಗ ಹೊಲಾನೇ ಇಲ್ರಿ," ಎಂದಳು ಹುಡುಗಿ. "ಅದು ರೇಷನ್ ಗೋದಿರಿ."

ಆ ಒಂದು ಮಾತಿಗೇ ನಾನು ಅವಳನ್ನು ಒಪ್ಪಿದ್ದು.

ನನ್ನ ಕೆಲಸವೋ, ಕಾಳು ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಹೀಗಾಗಿ ಮಾಮನಿಗೂ ನನಗೂ ನಡೆಯುತ್ತಿದ್ದ ಯೂರಿಯಾದ ವಾದಕ್ಕೆ ಕೊನೆಯೇ ಇರಲಿಲ್ಲ. ಹೋದ ಹಿಂಗಾರಿಯಲ್ಲಿ ಮಾಮ ಹಟಕ್ಕೆ ಬಿದ್ದು ಅರ್ಧ ಹೊಲಕ್ಕೆ ನಾನು ಹೇಳಿದಷ್ಟು ಯೂರಿಯಾ ಹಾಕಿದ, ಉಳಿದರ್ಧಕ್ಕೆ ಹಾಕಲಿಲ್ಲ. ರಾಶಿಯಾದ ಮೇಲೆ ಎರಡು ಪೊಟ್ಟಣ ನನ್ನ ಕೈಗಿಟ್ಟು, "ನಿನ್ನ ಮಶೀನಿಗಿ ಹಲ್ಲಿದ್ರ ಹೇಳ್ಲಿ" ಎಂದ.

ಯೂರಿಯಾ ಹಾಕಿದ ಗೋಧಿಯಲ್ಲಿ ಕಬ್ಬಿಣವೂ ಸತುವೂ ಕಡಿಮೆಯಾಗಿರಲಿಲ್ಲ, ತುಸು ಹೆಚ್ಚೇ ಇದ್ದವು. ಗೆದ್ದ ಹುರುಪಿನಲ್ಲಿ ಹೆಂಡತಿಯನ್ನೂ ಕರೆದುಕೊಂಡು ಅವನ ಮನೆಗೆ ಹೋದೆ.

"ಸಾರಜನಕ ಸಿಕ್ಕರ ಗಿಡ ಕಾಳಿಗಿ ಕಬ್ಬಿಣಾನೂ ಚಲೋ ಎಳಕೋತದ, ಮಾಮಾ. ಇಳುವರಿ ಭಾಳ ಏರಿದ್ರ ಕೆಲವು ಕಡಿ ಕಮ್ಮಿ ಆಗ್ತದ ಖರೆ. ನಿನ್ನ ಹೊಲದಾಗ ಹಂಗಾಗಿಲ್ಲ."

ಜಗಳಕ್ಕೆ ಬರುತ್ತಾನೆಂದುಕೊಂಡಿದ್ದೆ. ಅವನು ಮೆಲ್ಲಗೆ ಕೇಳಿದ: "ಕಬ್ಬಿಣ ಅಂದ್ರ, ರಕ್ತಕ್ಕ ಬೇಕಾಗ್ತದಲ್ಲ, ಅದೇ ಏನು?"

"ಅದೇ."

"ನಿಮ್ಮ ಅತ್ತಿ ಬಸುರಿದ್ದ ವರ್ಷ ನಾ ಮೊದಲ್ನೇ ಸಲ ಯೂರಿಯಾ ಹಾಕಿದ್ದೆ. ಅದೇ ಗೋದಿ ಉಂಡಾಳ. ಮೈಯಾಗ ರಕ್ತನೇ ಇಲ್ಲ ಅಂದ್ರು ಡಾಕ್ಟರು."

ಅತ್ತೆ ಹೆರಿಗೆಯಲ್ಲಿ ತೀರಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ಇಷ್ಟು ವರ್ಷ ಈ ಮಾತನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ. ಒಂದು ಹೊಲದ ಒಂದು ಪರೀಕ್ಷೆಯಿಂದ ಅಂದಿನದೇನೂ ತೀರ್ಮಾನವಾಗದೆಂದು ನನಗೆ ಗೊತ್ತು. ಆದರೂ, "ನಿಂದೇನೂ ತಪ್ಪಿಲ್ಲ, ಮಾಮಾ" ಎಂದೆ.

ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಯೂರಿಯಾದ ಗೋಧಿಯನ್ನೇ ಗಿರಣಿಗೆ ಕಳಿಸಿ ಹಿಟ್ಟು ಮಾಡಿಸಿ, ಚಪಾತಿ ಮಾಡಲು ನನ್ನ ಹೆಂಡತಿಗೆ ಹೇಳಿದ. ಎರಡು ಉಂಡು, ಮೂರನೆಯದಕ್ಕೆ ಕೈ ಚಾಚಿದ.

"ಆ ವರ್ಷದ ಚಪಾತಿ ಅಕಿಗಿ ಭಾಳ ಸೇರಿದ್ವು" ಎಂದ.