ಎರಡಿಂಚು ಕೆಳಗೆ

ತನ್ನನ್ನು ಊರಿನಲ್ಲಿ ಇಷ್ಟೊಂದು ಜನ ಬಲ್ಲರೆಂದು ಶಾಹುಲ್‌ಗೆ ಗೊತ್ತಾದದ್ದು ಆ ಶನಿವಾರ ಸಂಜೆಯೇ. ಕೊಡಿಯಾಲ್‌ಬೈಲಿನ ತನ್ನ ಕೊಡೆ-ಬ್ಯಾಗಿನ ಅಂಗಡಿ ಮುಚ್ಚಿ ಕಾವೂರಿನ ಮನೆಗೆ ಕಾರಿನಲ್ಲಿ ಹೊರಟಿದ್ದ. ಎದುರಿನಿಂದ ಬಂದ ಗಾಡಿಗಳೆಲ್ಲ ಅವನಿಗೆ ಲೈಟು ಮಿಣುಕಿಸಿದವು. ಬಸ್ಸು ಮಿಣುಕಿಸಿತು, ಲಾರಿ ಮಿಣುಕಿಸಿತು, ಮೀನಿನ ಟೆಂಪೋ ಮಿಣುಕಿಸಿದ್ದಲ್ಲದೆ ಉದ್ದಕ್ಕೆ ಹಾರ್ನನ್ನೂ ಬಾರಿಸಿತು. ಶಾಹುಲ್ ಮರ್ಯಾದಸ್ಥ. ಮೊದಲು ತಲೆ ಬಾಗಿಸಿದ. ಆಮೇಲೆ ಮದುಮಗನ ಹಾಗೆ ಕಿಟಕಿಯಿಂದ ಕೈ ಬೀಸುತ್ತಾ ಬಂದ.

ಮನೆಯ ಓಣಿಯ ಬಾಯಲ್ಲಿ ಒಂದು ಆಟೋ ಅಡ್ಡ ನಿಂತಿತು. ಅದರಿಂದ ಇಳಿದದ್ದು ಅದೇ ಓಣಿಯ ವಿಲ್ಲಿ. ಒಂದು ಕೈಯಿಂದ ಕಣ್ಣು ಮುಚ್ಚಿಕೊಂಡು ಇನ್ನೊಂದು ಕೈಯಿಂದ ಗಾಳಿ ತಡವುತ್ತಾ ಕಾರಿನ ಬಳಿ ಬಂದ.

“ಎಂತ ಮಾರಾಯ್ರೆ ಇದು, ಲೈಟಾ, ಎಕ್ಸ್‌ರೇಯಾ? ನಾನು ಮಧ್ಯಾಹ್ನ ಉಂಡ ಬಂಗುಡೆ ಮೀನು ಕೂಡ ನಿಮಗೆ ಕಂಡಿರ್ಬೇಕು!”

“ಹೊಸ ಎಲ್‌ಇಡಿ ಬಲ್ಬು ವಿಲ್ಲಿ. ನಾನೇ ಹಾಕಿದ್ದು” ಎಂದ ಶಾಹುಲ್, ಸ್ವಲ್ಪ ಹೆಮ್ಮೆಯಿಂದಲೇ.

“ಅದು ಗೊತ್ತಾಯ್ತು. ಬೇರೆಯವರು ಹಾಕಿದ್ದಾದ್ರೆ ಬೆಳಕು ರಸ್ತೆ ಮೇಲೆ ಬೀಳ್ತಿತ್ತು.”

ಬೇರೆ ಯಾರಾದರೂ ಆಗಿದ್ದರೆ ಮುಖ ಸಿಂಡರಿಸುತ್ತಿದ್ದರು. ಶಾಹುಲ್‌ಗೆ ಬಂದದ್ದು ಕುತೂಹಲ. ಹಾಕಿದ್ದು ಮುಂದೆ, ಹೋಗುವುದು ಮೇಲೆ; ಇದು ಯಾಕೆ ಹೀಗೆ? ಅವನದು ಹುಟ್ಟಿನಿಂದಲೇ ಬಿಚ್ಚಿ ನೋಡುವ ಕೈ. ಮನೆಯ ಮಿಕ್ಸಿ ಯಾಕೆ ಅಷ್ಟು ಕಿರುಚುತ್ತದೆ ಎಂದು ಒಮ್ಮೆ ಬಿಚ್ಚಿ ನೋಡಿದ್ದ. ಅಂದಿನಿಂದ ಅದು ಕಿರುಚುವುದನ್ನು ಮಾತ್ರ ಮಾಡುತ್ತದೆ, ಅರೆಯುವುದಿಲ್ಲ. ಆಮೇಲೆ ಹೆಂಡತಿ ಆರಿಫಾ ಸ್ಕ್ರೂಡ್ರೈವರನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡತೊಡಗಿದ್ದಳು.

ಭಾನುವಾರ ಬೆಳಿಗ್ಗೆ ಶಾಹುಲ್ ಅಕ್ಕಿಗೆ ಕೈ ಹಾಕಿದ. ಫೋನಿನಲ್ಲಿ ನಾಲ್ಕಾರು ವಿಡಿಯೋ ನೋಡಿದ ಮೇಲೆ ತಪ್ಪು ಸಿಕ್ಕಿತು. ಬಲ್ಬಿನ ಎರಡು ಮೈಯಲ್ಲಿ ಸಾಸಿವೆಯಂಥ ದೀಪದ ಕಾಳುಗಳಿರುತ್ತವೆ. ಅವು ಎಡಕ್ಕೂ ಬಲಕ್ಕೂ ಮುಖ ಮಾಡಿರಬೇಕು. ಇವನು ಮೇಲಕ್ಕೂ ಕೆಳಕ್ಕೂ ಮುಖ ಮಾಡಿ ಕೂರಿಸಿದ್ದ. ಕಾಲು ಸುತ್ತು ತಿರುಗಿಸಿದೊಡನೆ ಚೆಲ್ಲಾಪಿಲ್ಲಿಯಾಗಿದ್ದ ಬೆಳಕು ಒಂದು ಹಿಡಿಗೆ ಬಂತು. ಇನ್ನು ಉಳಿದದ್ದು ಗುರಿ. ಅದಕ್ಕೆ ಕಾರನ್ನು ಸಮತಟ್ಟಾದ ನೆಲದಲ್ಲಿ ಗೋಡೆಯಿಂದ ಇಪ್ಪತ್ತೈದು ಅಡಿ ದೂರ ನಿಲ್ಲಿಸಬೇಕು. ದೀಪದ ಮಟ್ಟವನ್ನು ಗೋಡೆಯ ಮೇಲೆ ಗುರುತಿಸಬೇಕು. ಬೆಳಕಿನ ಮೇಲಂಚು ಆ ಗುರುತಿಗಿಂತ ಎರಡಿಂಚು ಕೆಳಗೆ ನಿಲ್ಲುವಂತೆ ದೀಪದ ಹಿಂದಿನ ಸ್ಕ್ರೂ ತಿರುಗಿಸಬೇಕು. ಅಷ್ಟಾದರೆ ಎದುರು ಬರುವವನ ಕಣ್ಣು ಅವನಿಗೇ ಉಳಿಯುತ್ತದೆ.

ಮಂಗಳೂರಿನಲ್ಲಿ ಗೋಡೆಗೆ ಬರವಿಲ್ಲ, ಬರವಿರುವುದು ಸಮತಟ್ಟಿಗೆ. ಇಲ್ಲಿ ರಸ್ತೆ ಎಂದರೆ ಒಂದೋ ಏರುತ್ತಿರಬೇಕು, ಇಲ್ಲ ಇಳಿಯುತ್ತಿರಬೇಕು. ಇಡೀ ಓಣಿಯಲ್ಲಿ ಸಮವಾಗಿದ್ದದ್ದು ಒಂದೇ ಜಾಗ: ಪಕ್ಕದ ಮನೆಯ ನೋಣಯ್ಯನವರ ಬಿಳಿ ಕಂಪೌಂಡ್ ಗೋಡೆ, ಅದರ ಮುಂದಿನ ರಸ್ತೆ, ರಸ್ತೆಯಾಚೆ ಮಾರಾಟಕ್ಕೆಂದು ಮಟ್ಟ ಮಾಡಿಟ್ಟ ಖಾಲಿ ಸೈಟು. ಕ್ಯಾಟರಿಂಗ್ ನಡೆಸುವ ನೋಣಯ್ಯ ಹೆಂಡತಿ ಕುಶಲಾರೊಂದಿಗೆ ವಾಮಂಜೂರಿಗೆ ಮದುವೆಗೆ ಹೋಗಿದ್ದರು. ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಸುಣ್ಣ ಬಳಿದರಾಯಿತು ಎಂದುಕೊಂಡ ಶಾಹುಲ್.

ಗೋಡೆಯಿಂದ ಇಪ್ಪತ್ತೈದು ಅಡಿ ಅಳೆದು ಸೈಟಿನ ನೆಲದಲ್ಲಿ ಗೆರೆ ಎಳೆದ. ಗುರುತಿಗೆ ತಂದ ಟೇಪು ಗೋಡೆಗೆ ಅಂಟಲಿಲ್ಲ. ಮನೆಯಲ್ಲಿ ಉಳಿದಿದ್ದ ಕೆಂಪು ಪೇಂಟು ತಂದ. ಸ್ಕೇಲಿಟ್ಟು ಎರಡು ದೀಪಗಳಿಗೆ ಎರಡು ಕತ್ತರಿ ಗುರುತು ಹಾಕಿದ. ಎಡಗಡೆಯದಕ್ಕೆ ‘ಎಲ್’, ಬಲಗಡೆಯದಕ್ಕೆ ‘ಆರ್’ ಎಂದು ಇಂಗ್ಲಿಷ್ ಅಕ್ಷರ. ಮರೆತುಹೋಗದಿರಲೆಂದು ಒಂದು ಮೂಲೆಯಲ್ಲಿ ‘25 ಅಡಿ’ ಎಂದು ಬರೆದ. ಅದರ ಪಕ್ಕದಲ್ಲಿ ‘2’ ಎಂದು ಬರೆದು ಕೆಳಮುಖವಾಗಿ ಒಂದು ಬಾಣ ಎಳೆದ. ಅಷ್ಟು ದೂರದ ಗೋಡೆಯ ಮೇಲೆ ಬೆಳಕು ಕಾಣಬೇಕಾದರೆ ಮಬ್ಬಾಗಬೇಕು. ಹಾಗಾಗಿ ಮನೆಗೆ ಹೋಗಿ, ಉಂಡು, ಮಲಗಿದ.

ಎಚ್ಚರವಾದದ್ದು ಗಲಾಟೆಗೆ.

ಹೊರಗೆ ಬಂದು ನೋಡಿದರೆ ಅರ್ಧ ಓಣಿ ನೋಣಯ್ಯನವರ ಗೋಡೆಯ ಮುಂದೆ ನೆರೆದಿತ್ತು. ನಡುವೆ ನಿಂತವಳು ಹೇಮಾಕ್ಷಿ. ಓಣಿಯ ವಾಟ್ಸಾಪ್ ಗುಂಪಿಗೆ ಅವಳೇ ಅಡ್ಮಿನ್. ಗುಂಪಿನಲ್ಲಿ ಇಲ್ಲದವರಿಗೂ ಅವಳೇ ಅಡ್ಮಿನ್. ಪಕ್ಕದಲ್ಲಿ ಜರಿ ಶಲ್ಯ ಹೊದ್ದ ನೋಣಯ್ಯ, ಮದುವೆಯಿಂದ ಬಂದ ಉಡುಪಿನಲ್ಲೇ ಸಾವಿನ ಮನೆಯ ಮುಖ ಹೊತ್ತು ನಿಂತಿದ್ದರು. ಕುಶಲಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

“ರೋಡ್ ವೈಡನಿಂಗ್!” ಎಂದಳು ಹೇಮಾಕ್ಷಿ, ಕೋಲಿನಿಂದ ಗೋಡೆ ತೋರಿಸುತ್ತಾ. “ಇಲ್ಲಿ ನೋಡಿ, ಆರ್ ಅಂದ್ರೆ ರೋಡ್. ಎಲ್ ಅಂದ್ರೆ ಲ್ಯಾಂಡ್. ಇಪ್ಪತ್ತೈದು ಅಡಿ ಒಳಗೆ ಬರ್ತದೆ.”

“ಇಪ್ಪತ್ತೈದು ಅಡಿ ಅಂದ್ರೆ ನಮ್ಮ ಅಡುಗೆಮನೆ!” ಎಂದರು ಕುಶಲಾ.

“ಆ ಎರಡು, ಅದಕ್ಕೆ ಬಾಣ ಯಾಕೆ?” ನೋಣಯ್ಯನವರ ಸ್ವರ ಸಣ್ಣಗಾಗಿತ್ತು.

ಹೇಮಾಕ್ಷಿ ಒಮ್ಮೆ ಬಾಣವನ್ನು, ಒಮ್ಮೆ ನೋಣಯ್ಯನವರ ಮನೆಯನ್ನು ನೋಡಿದಳು. “ನಿಮ್ಮದು ಎರಡು ಮಾಳಿಗೆ ಅಲ್ವಾ ನೋಣಯ್ಯಣ್ಣ? ಎರಡೂ ಕೆಳಗೆ ಅಂತ.”

ಕುಶಲಾ ಅಲ್ಲೇ ಕುಳಿತುಬಿಟ್ಟರು. ಶಾಹುಲ್ ಜನರನ್ನು ಸರಿಸಿಕೊಂಡು ಮುಂದೆ ಬಂದ.

“ಅದು ಹಾಗಲ್ಲ ಹೇಮಕ್ಕ. ಯಾರಾದ್ರೂ ಸುಮ್ಮನೆ ಬರೆದಿರಬಹುದು…”

“ಸುಮ್ಮನೆ ಬರೆಯುವವರು ಸ್ಕೇಲ್ ಇಟ್ಟು ಬರೀತಾರಾ? ನೋಡಿ, ಗೆರೆ ಎಷ್ಟು ನೀಟ್ ಉಂಟು. ಇದು ಇಂಜಿನಿಯರ್ ಕೈ, ಶಾಹುಲ್ ಭಾಯ್. ನಮಗೆ ನಿಮಗೆ ಬರುದಲ್ಲ.”

ಅಂಥ ಹೊತ್ತಿನಲ್ಲೂ ಶಾಹುಲ್‌ಗೆ ಒಂದು ಕ್ಷಣ ಖುಷಿಯಾಯಿತು. ಆದರೆ ನೋಣಯ್ಯ ಹಲ್ಲು ಕಡಿದರು. “ಬರೆದವ ಕೈಗೆ ಸಿಗ್ಲಿ. ಅದೇ ಪೇಂಟನ್ನು ಅವನಿಗೆ ಕುಡಿಸ್ತೇನೆ.” ಶಾಹುಲ್ ಉಗುರಿನ ಸಂದಿಯಲ್ಲಿ ಕೆಂಪು ಉಳಿದಿದ್ದ ಬಲಗೈಯನ್ನು ಮೆಲ್ಲನೆ ಜೇಬಿಗಿಳಿಸಿದ.

ಆಗ ವಿಲ್ಲಿ ಆಟೋದಿಂದ ತಲೆ ಹೊರಹಾಕಿದ. “ಭಾನುವಾರ ಗುರುತು ಹಾಕಿದ್ರೆ ಸೋಮವಾರ ಕಾರ್ಪೊರೇಶನ್‌ನವರು ಬರ್ತಾರೆ ಅಂತ ಅರ್ಥ. ನೋಣಯ್ಯಣ್ಣ, ಬೇಜಾರು ಮಾಡ್ಬೇಡಿ, ಒಂದು ಮಾತು ಕೇಳ್ತೇನೆ. ಈ ಗೋಡೆ ಕಟ್ಟುವಾಗ ರಸ್ತೆ ಕಡೆಗೆ ಸ್ವಲ್ಪ… ಬಂದಿದ್ದೀರಿ ಅಲ್ವಾ?”

“ಸ್ವಲ್ಪ” ಎಂದರು ನೋಣಯ್ಯ.

“ಸ್ವಲ್ಪ ಅಂದ್ರೆ?”

“ನಾಲ್ಕು ಅಡಿ.”

ಜನ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಆ ಗೋಡೆಯಿಂದ ಇಕ್ಕಟ್ಟಾದ ತಿರುವಿನಲ್ಲಿ ಕನ್ನಡಿ ಮುರಿದುಕೊಂಡವರು, ಬಾಗಿಲು ಕೆರೆಸಿಕೊಂಡವರು ಅಲ್ಲಿ ಹಲವರಿದ್ದರು. ವಿಲ್ಲಿ ತನ್ನ ಆಟೋದ ಎಡಗಡೆಯ ತಗ್ಗನ್ನು ಪ್ರೀತಿಯಿಂದ ಸವರಿದ.

“ಹಾಗಾದ್ರೆ ದಾರಿ ಉಂಟು. ಆ ನಾಲ್ಕು ಅಡಿಯನ್ನು ನೀವೇ ಇವತ್ತೇ ಬಿಟ್ಟುಕೊಡಿ. ನಾಳೆ ಅವರು ಬರುವಾಗ ರಸ್ತೆ ಅಗಲ ಉಂಟು, ಜನ ಒಳ್ಳೆಯವರು ಅಂತ ವಾಪಾಸ್ ಹೋಗ್ತಾರೆ. ಅಡುಗೆಮನೆ ಉಳೀತದೆ.”

ನೋಣಯ್ಯ ಯೋಚಿಸಿದರು. ಕುಶಲಾ ಯೋಚಿಸಲಿಲ್ಲ. “ಒಡೆಸಿ!” ಎಂದರು.

ಶಾಹುಲ್ ಮನೆಗೆ ಓಡಿದ. ಆರಿಫಾ ಚಹಾ ಸೋಸುತ್ತಿದ್ದಳು. ಎಲ್ಲ ಕೇಳಿದ ಮೇಲೆ ಲೋಟವನ್ನು ಕೆಳಗಿಟ್ಟು ಹೇಳಿದಳು: “ಮಿಕ್ಸಿ ಆಯ್ತು, ಈಗ ನೆರೆಮನೆ. ಹೋಗಿ ಹೇಳಿಬಿಡಿ. ಬೈದ್ರೆ ಬೈಸಿಕೊಳ್ಳಿ. ಪೇಂಟ್ ಕುಡಿಸುದೆಲ್ಲ ಬಾಯಿಮಾತು.”

“ಕುಡಿಸಿದ್ರೆ?”

“ಸ್ವಲ್ಪವೇ ಉಳಿದದ್ದಲ್ವಾ?”

ಶಾಹುಲ್ ಚಹಾ ಕುಡಿದ. ಹೇಳಬೇಕಾದ ಮಾತನ್ನು ಮೂರು ಬಗೆಯಲ್ಲಿ ಜೋಡಿಸಿ ನೋಡಿದ. ಅದಕ್ಕೆ ಹಿಡಿದ ಹೊತ್ತೇ ಹೆಚ್ಚಾಯಿತು. ಹೊರಗೆ ಬರುವಾಗ ಹಳದಿ ಜೆಸಿಬಿಯೊಂದು ಓಣಿಯೊಳಗೆ ಮದುವೆಮನೆಯ ಆನೆಯ ಹಾಗೆ ನಿಧಾನವಾಗಿ ತೂಗುತ್ತಾ ಬರುತ್ತಿತ್ತು. ಅದರ ಆಪರೇಟರ್ ರೋಷನ್ ನೋಣಯ್ಯನವರಿಗೆ ದೂರದ ಸಂಬಂಧಿ; ಅವರ ಫೋನು ಬಂದೊಡನೆ ಪಕ್ಕದ ಓಣಿಯ ಕೆಲಸ ಬಿಟ್ಟು ಓಡಿ ಬಂದಿದ್ದ.

“ನೋಣಯ್ಯಣ್ಣ, ಒಂದು ನಿಮಿಷ, ಒಂದು ವಿಚಾರ ಉಂಟು” ಎಂದು ಶಾಹುಲ್ ಕೂಗಿದ. ಜೆಸಿಬಿಯ ಸದ್ದಿಗೆ ಅದು ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದು ಹೇಮಾಕ್ಷಿಗೆ ಮಾತ್ರ, ಅದೂ ತಪ್ಪಾಗಿ.

“ಕಾರು ಉಂಟಾ? ಹೌದಲ್ಲ! ಕತ್ತಲಾಗ್ತಾ ಬಂತು, ಬೆಳಕು ಬೇಕು. ನಿಮ್ಮ ಹೊಸ ಲೈಟ್ ಭಾರೀ ಜೋರುಂಟಂತೆ, ವಿಲ್ಲಿ ಹೇಳಿದ. ತನ್ನಿ ತನ್ನಿ!”

ಹೀಗೆ, ಬೆಳಿಗ್ಗೆ ತಾನೇ ಅಳೆದು ಗೆರೆ ಹಾಕಿಟ್ಟಿದ್ದ ಜಾಗದಲ್ಲೇ ಶಾಹುಲ್ ಕಾರು ತಂದು ನಿಲ್ಲಿಸಿದ. ದೀಪ ಹಾಕಿದೊಡನೆ ಬೆಳಕು ಗೋಡೆಯ ಮೇಲೆ ಹರಡಿತು. ಅದರ ಮೇಲಂಚು ಗುರುತಿಗಿಂತ ಒಂದು ಗೇಣು ಮೇಲಿತ್ತು. ‘ಅಬ್ಬ, ಇಷ್ಟು ಮೇಲಿದ್ರೆ ವಿಲ್ಲಿ ಬೈದದ್ದರಲ್ಲಿ ತಪ್ಪಿಲ್ಲ’ ಎಂದುಕೊಂಡ ಅವನು, ಎಲ್ಲವನ್ನೂ ಮರೆತು ಬಾನೆಟ್ ಎತ್ತಿ ಸ್ಕ್ರೂ ತಿರುಗಿಸಲು ಬಗ್ಗಿದ. ಬೆಳಕು ಇಳಿಯತೊಡಗಿತು.

“ಎಂತ ಮಾಡ್ತಿದ್ದೀರಿ?” ರೋಷನ್ ಜೆಸಿಬಿಯ ಮೇಲಿನಿಂದ ಬೊಬ್ಬೆ ಹೊಡೆದ. “ಮೇಲೆ ಮಾಡಿ! ನನಗೆ ಗೋಡೆಯ ತಲೆ ಕಾಣ್ಬೇಕು!”

“ಮೇಲೆ, ಮೇಲೆ!” ಎಂದಿತು ಜನ.

ಶಾಹುಲ್ ಮೇಲೆ ಮಾಡಿದ. ಜೆಸಿಬಿಯ ಕೈ ಒಂದು ಸಲ ಮುಟ್ಟಿತು, ಗೋಡೆ ಓಲಾಡಿತು. ಎರಡನೆಯ ಸಲಕ್ಕೆ ಎಲ್, ಆರ್, ಇಪ್ಪತ್ತೈದು ಅಡಿ, ಬಾಣ ಎಲ್ಲವೂ ಕೆಂಪುಕಲ್ಲಿನ ಧೂಳಾಗಿ ಕುಳಿತವು. ಗೋಡೆಯಿಲ್ಲದ ಜಾಗದಲ್ಲಿ ಬೆಳಕು ನೇರ ನೋಣಯ್ಯನವರ ಚಾವಡಿಗೆ ನುಗ್ಗಿತು; ಅಲ್ಲಿ ಕುಳಿತಿದ್ದ ಬೆಕ್ಕು ಕಣ್ಣು ಕಾಣದೆ ನೀರಿನ ಹಂಡೆಗೆ ಹಾರಿತು.

ಅಷ್ಟರಲ್ಲಿ ಹೇಮಾಕ್ಷಿ ಗುಂಪಿಗೆ ಫೋಟೋ ಹಾಕಿಯಾಗಿತ್ತು: ‘ಸಾರ್ವಜನಿಕರಿಗಾಗಿ ಸ್ವಂತ ಜಾಗ ಬಿಟ್ಟುಕೊಟ್ಟ ನಮ್ಮ ಹೆಮ್ಮೆಯ ನೋಣಯ್ಯಣ್ಣ.’ ಕೈ ಮುಗಿಯುವ ಚಿತ್ರಗಳು ಸಾಲುಸಾಲಾಗಿ ಬಂದವು. ಪಕ್ಕದ ಓಣಿಯ ಡೈಸಿ ಟೀಚರ್ ಸನ್ಮಾನ ಮಾಡಬೇಕೆಂದು ಬರೆದರು. ನೋಣಯ್ಯ ಶಲ್ಯ ಸರಿಮಾಡಿಕೊಂಡರು. ಅರ್ಧ ಗಂಟೆಯ ಹಿಂದೆ ಬಾಡಿದ್ದ ಮುಖ ಈಗ ಉಬ್ಬಿದ ಪೂರಿಯಾಗಿತ್ತು.

ಇನ್ನು ತಡೆಯಲಾರದೆ ಶಾಹುಲ್ ಅವರನ್ನು ಕಾರಿನ ಹಿಂದೆ ಕರೆದುಕೊಂಡು ಹೋದ. ಜೇಬಿನಿಂದ ಬಲಗೈ ತೆಗೆದು ಉಗುರು ತೋರಿಸಿದ.

“ನೋಣಯ್ಯಣ್ಣ, ಬರೆದದ್ದು ನಾನು. ಲೈಟ್ ಸೆಟ್ ಮಾಡ್ಲಿಕ್ಕೆ. ಎಲ್ ಅಂದ್ರೆ ಲೆಫ್ಟ್, ಆರ್ ಅಂದ್ರೆ ರೈಟ್. ಎರಡು ಅಂದ್ರೆ ಎರಡಿಂಚು ಕೆಳಗೆ. ಮಾಳಿಗೆ ಅಲ್ಲ. ತಪ್ಪಾಯ್ತು. ಗೋಡೆ ನಾನು ಕಟ್ಟಿಸಿಕೊಡ್ತೇನೆ.”

ನೋಣಯ್ಯ ಆ ಉಗುರುಗಳನ್ನು ನೋಡಿದರು. ಬಿದ್ದ ಗೋಡೆಯನ್ನು ನೋಡಿದರು. ಆಚೆ ತಮ್ಮ ಹೆಸರು ಹೇಳಿ ಮಾತಾಡುತ್ತಿದ್ದ ಜನವನ್ನು ತುಂಬ ಹೊತ್ತು ನೋಡಿದರು.

“ಎಲ್ಲಿ ಕಟ್ಟಿಸ್ತೀರಿ? ರಸ್ತೆ ಮೇಲಾ?” ಎಂದರು ಮೆಲ್ಲಗೆ. “ನಾಲ್ಕು ಅಡಿ ನುಂಗಿದ್ದೆ ಅಂತ ನಾನೇ ಬಾಯಿಬಿಟ್ಟಾಯ್ತು. ಈಗ ಜನ ಅದನ್ನು ಮರೆತು ತ್ಯಾಗ ಅಂತಿದ್ದಾರೆ. ನೀವು ಬಾಯಿ ತೆರೆದ್ರೆ, ನಾನು ಒಬ್ಬ ಲೈಟಿನ ಗುರುತಿಗೆ ಹೆದರಿ ಗೋಡೆ ಒಡೆಸಿದ ಕಳ್ಳ. ಗೊತ್ತಾಯ್ತಾ?”

“ಗೊತ್ತಾಯ್ತು. ಯಾರಿಗೂ ಹೇಳುದಿಲ್ಲ. ಆಣೆ.”

“ನೀವು ಹೇಳ್ಲಿಕ್ಕಿಲ್ಲ ಅಂತ ನನಗೆ ಹೇಗೆ ಧೈರ್ಯ ಬರುದು?”

ಅದಕ್ಕೆ ಉತ್ತರ ನೋಣಯ್ಯನವರಿಗೇ ಹೊಳೆಯಿತು. ಅವರು ಅವನ ಹೆಗಲ ಮೇಲೆ ಕೈ ಹಾಕಿ, ಬಹಳ ವಿಶ್ವಾಸದಿಂದ ಜನರ ಮುಂದೆ ಕರೆತಂದರು.

“ಎಲ್ಲರೂ ಸ್ವಲ್ಪ ಕೇಳಿ! ಶಾಹುಲ್ ಭಾಯ್ ಈಗ ನನ್ನನ್ನು ಪಕ್ಕಕ್ಕೆ ಕರೆದು ಎಂತ ಹೇಳಿದ್ರು ಗೊತ್ತುಂಟಾ? ನೀವು ನಾಲ್ಕು ಅಡಿ ಕೊಟ್ಟ ಮೇಲೆ ನಾನು ಸುಮ್ಮನೆ ಕೂತ್ರೆ ಮನಸ್ಸು ಒಪ್ಪುದಿಲ್ಲ, ನನ್ನದೂ ನಾಲ್ಕು ಅಡಿ ತೆಗೆದುಕೊಳ್ಳಿ ಅಂದ್ರು! ಅವರ ಗೋಡೆ ರಸ್ತೆಗೆ ಒಂದಿಂಚೂ ಬಂದಿಲ್ಲ. ಆದ್ರೂ ಕೊಡ್ತಿದ್ದಾರೆ. ಇದು ತ್ಯಾಗ!”

ಚಪ್ಪಾಳೆ ಬಿತ್ತು. ವಿಲ್ಲಿ ಶಿಳ್ಳೆ ಹೊಡೆದ. ಹೇಮಾಕ್ಷಿ ಆಗಲೇ ಫೋನು ಎತ್ತಿ ಹಿಡಿದಿದ್ದಳು. “ಸ್ವಲ್ಪ ನಗಾಡಿ ಶಾಹುಲ್ ಭಾಯ್!”

ಶಾಹುಲ್ ಬಾಯಿ ತೆರೆದ. ಹೆಗಲ ಮೇಲಿನ ಕೈ ಸ್ವಲ್ಪ ಬಿಗಿಯಾಯಿತು. ಅವನು ನಕ್ಕ.

ಜೆಸಿಬಿ ಗರ್ರನೆ ತಿರುಗಿ ಶಾಹುಲ್‌ನ ಮನೆಯ ಕಡೆ ಮುಖ ಮಾಡಿತು. ಕಾರೂ ತಿರುಗಬೇಕಾಯಿತು. ಸೈಟಿನ ಇನ್ನೊಂದು ಮೂಲೆಯಲ್ಲಿ ನಿಲ್ಲಿಸಿ ದೀಪ ಹಾಕಿದಾಗ ರೋಷನ್ ಮೇಲಿನಿಂದ ಕಿರುಚಿದ: “ಅಯ್ಯೋ, ಕಣ್ಣಿಗೆ ಹೊಡೀತದೆ! ಕೆಳಗೆ, ಕೆಳಗೆ! ಇನ್ನೂ ಸ್ವಲ್ಪ… ಹಾಂ, ಸಾಕು!”

ಶಾಹುಲ್ ಸ್ಕ್ರೂ ಬಿಟ್ಟು ತಲೆ ಎತ್ತಿದ. ಅವನ ಮನೆಯ ಗೋಡೆಯ ಮೇಲೆ ಬೆಳಕಿನ ಅಂಚು ನೂಲು ಹಿಡಿದ ಹಾಗೆ ನೇರವಾಗಿ ನಿಂತಿತ್ತು. ವಿಲ್ಲಿ ಎದುರಿನಿಂದಲೇ ನಡೆದು ಬಂದ, ಕಣ್ಣಿಗೆ ಕೈ ಅಡ್ಡ ಹಿಡಿಯದೆ. “ಈಗ ಲೈಟ್ ಫಸ್ಟ್ ಕ್ಲಾಸ್ ಮಾರಾಯ್ರೆ.”

ಗೇಟು ತೆರೆದು ಆರಿಫಾ ಹೊರಗೆ ಬಂದಳು. ಮೊದಲು ಗಂಡನನ್ನು, ಆಮೇಲೆ ಅವನ ಹಿಂದೆ ಚಪ್ಪಾಳೆ ತಟ್ಟುತ್ತಿದ್ದ ಜನರನ್ನು ನೋಡಿದಳು.

“ಹೇಳಿದ್ರಾ?”

“ಹೇಳಿದೆ.”

“ಲೈಟ್ ಸರಿಯಾಯ್ತಾ?”

“ಆಯ್ತು” ಎಂದ ಶಾಹುಲ್. “ನೀನು ಸ್ವಲ್ಪ ಈಚೆ ಬಾ. ಗೋಡೆಯ ಹತ್ತಿರ ನಿಲ್ಬೇಡ.”