ಹನ್ನೊಂದು ದಿನದ ಮುತ್ತಾತ

ಹೊರೇಸ್ ಪಾಡ್ಮೋರನ ಕಷ್ಟಕ್ಕೆಲ್ಲ ಮೂಲಕಾರಣ ಹೆಂಡತಿಯ ಅಕ್ಕ. (ಲೋಕದ ಗಂಡಂದಿರ ಅರ್ಧ ಕಷ್ಟಗಳ ಮೂಲ ಅಲ್ಲೇ ಎಲ್ಲೋ ಇರುತ್ತದೆಂದು ಅವನ ಅಂಬೋಣ.) ಈ ಅಕ್ಕ ಡ್ಯಾಫ್ನಿ ಮದುವೆಯಾಗಿ ಸೇರಿದ ಮನೆತನದವರ ಹೆಸರುಗಳನ್ನು ಊರ ಚರ್ಚಿನ ಗೋಡೆಯಲ್ಲಿ ಕಲ್ಲಿನ ಮೇಲೆ ಕೆತ್ತಿದ್ದಾರೆ. ಹೀಗಾಗಿ ಮೂವತ್ತು ವರ್ಷಗಳಿಂದ ಅವಳ ಮನೆಯ ಭಾನುವಾರದ ಊಟದಲ್ಲಿ, ಹುರಿದ ಕುರಿಮಾಂಸದ ಜೊತೆಗೇ ಒಂದು ಪ್ರಶ್ನೆಯೂ ಮೇಜಿಗೆ ಬರುತ್ತಿತ್ತು.

"ಅಲ್ಲಾ ಹೊರೇಸ್, ನಿಮ್ಮ ಕಡೆಯವರು ಹಿಂದೆಲ್ಲಾ ಏನು ಮಾಡ್ಕೊಂಡಿದ್ರು?"

ನಿವೃತ್ತ ಪೋಸ್ಟ್‌ಮನ್ ಹೊರೇಸನಿಗೆ ತನ್ನ ತಾತನಿಂದಾಚೆ ಏನೂ ಗೊತ್ತಿರಲಿಲ್ಲ. ಛಲ ಹುಟ್ಟಿತು. ಎರಡು ವರ್ಷ ಜಿಲ್ಲಾ ದಾಖಲೆ ಕಚೇರಿಯಲ್ಲಿ ಕೂತು, ಚರ್ಚುಗಳ ಹಳೆಯ ರಿಜಿಸ್ಟರುಗಳನ್ನು ತಿರುವಿ ತಿರುವಿ, ತಾತನಿಂದ ತಾತನ ತಾತನಿಗೆ ದಾಟಿ, ಕೊನೆಗೆ 1762ರ ಮಾರ್ಚಿನಲ್ಲಿ ದೀಕ್ಷಾಸ್ನಾನ ಪಡೆದ ಥಾಮಸ್ ಪಾಡ್ಮೋರ್ ಎಂಬ ಮೂಲಪುರುಷನನ್ನು ಪತ್ತೆಹಚ್ಚಿದ. ತಂದೆ ಯಾರು? ಸಾಕ್ಷಾತ್ ಊರ ಜಮೀನ್ದಾರ!

ಅಂದಿನಿಂದ ಹೊರೇಸ್ ಕನ್ನಡಿಯ ಮುಂದೆ ನಿಲ್ಲುವುದು ಹೆಚ್ಚಾಯಿತು.

"ಮೇವಿಸ್, ನನ್ನ ಮೂಗು ನೋಡು. ಇದೇನು ಸಾಮಾನ್ಯ ಜನರ ಮೂಗಾ?"

"ನೆಗಡಿಯಾಗಿರೋ ಮೂಗು. ಒರೆಸ್ಕೋ," ಎಂದಳು ಹೆಂಡತಿ.

ಬರುವ ಭಾನುವಾರ ವಂಶವೃಕ್ಷದ ಅನಾವರಣವೆಂದು ಡ್ಯಾಫ್ನಿಗೆ ಫೋನಿನಲ್ಲಿ ಘೋಷಿಸಿಯೂ ಆಯಿತು. ಶುಕ್ರವಾರ ಮೂಲಪುರುಷನ ದರ್ಶನಕ್ಕೆ ಮೇವಿಸಳನ್ನೂ ಕಚೇರಿಗೆ ಕರೆದುಕೊಂಡು ಹೋದ. ಮೆಚ್ಚಿಕೊಳ್ಳುವುದಕ್ಕೆ ಒಬ್ಬರಾದರೂ ಬೇಕಲ್ಲ! ಅಲ್ಲಿ ಪೆನ್ನು ನಿಷಿದ್ಧ, ಪೆನ್ಸಿಲ್ ಮಾತ್ರ. ಮಾತೂ ಪಿಸುದನಿಯಲ್ಲೇ ಆಗಬೇಕು.

ಮೇವಿಸ್ ಜಮೀನ್ದಾರನ ಹೆಸರನ್ನು ನೋಡಲೇ ಇಲ್ಲ. ಅವಳ ಕಣ್ಣು ತಾಯಿಯ ಹೆಸರಿನ ಮೇಲಿತ್ತು.

"ಪಾಪ, ಆಗಿನ ಕಾಲದಲ್ಲಿ ಹೆತ್ತಿದ್ದೆಷ್ಟೋ, ಉಳಿದಿದ್ದೆಷ್ಟೋ. ಸತ್ತವರದ್ದು ಬೇರೆ ಪುಸ್ತಕ ಇದ್ಯಾ?"

"ಇದೆ."

"ನೋಡಿದ್ಯಾ?"

ಹೊರೇಸ್ ಕೆಮ್ಮಿದ. ನಾಮಕರಣಕ್ಕೆ ಬಂದವರು ಯಾರಾದರೂ ಮಸಣಕ್ಕೆ ಹೋಗುತ್ತಾರೆಯೇ?

ಮೇವಿಸ್ ಆ ಪುಸ್ತಕ ತರಿಸಿಕೊಂಡಳು. ಐದು ನಿಮಿಷದಲ್ಲಿ ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಹೊರೇಸ್, ನಿನ್ನ ಮುತ್ತಾತ ತೀರ್ಕೊಂಡ್ಬಿಟ್ಟಿದಾನೆ ಕಣೋ."

"ಇನ್ನೂರೈವತ್ತು ವರ್ಷದ ಮೇಲಾಯ್ತು. ತೀರ್ಕೊಳ್ದೆ ಇರ್ತಾನಾ?"

"ಹನ್ನೊಂದನೇ ದಿನಕ್ಕೇ ತೀರ್ಕೊಂಡಿದಾನೆ. ಅಷ್ಟರೊಳಗೆ ಮದುವೆಯಾಗಿ ಮಕ್ಕಳನ್ನೂ ಮಾಡಿದ್ನಾ?"

ನಲವತ್ತು ವರ್ಷ ಒಂದು ಕಾಗದವನ್ನೂ ತಪ್ಪು ಬಾಗಿಲಿಗೆ ಹಾಕದಿದ್ದವನು, ತನ್ನನ್ನೇ ತಪ್ಪು ಮನೆಗೆ ಬಟವಾಡೆ ಮಾಡಿಕೊಂಡಿದ್ದ. ಅವನು ತಲೆಯ ಮೇಲೆ ಕೈಹೊತ್ತು ಕೂತ. ಮೇವಿಸ್ ಮಾತ್ರ ದೀಕ್ಷಾಸ್ನಾನದ ಪುಸ್ತಕದಲ್ಲಿ ಮುಂದಿನ ಹಾಳೆಗಳನ್ನು ತಿರುವಿದಳು. ಅದೇ ವರ್ಷ, ಅಕ್ಟೋಬರಿನಲ್ಲಿ, ಇನ್ನೊಬ್ಬ ಥಾಮಸ್ ಪಾಡ್ಮೋರ್! ತಾಯಿ ಹ್ಯಾನಾ ಪಾಡ್ಮೋರ್, ಮದುವೆಯಾಗದವಳು, ಬಟ್ಟೆ ಒಗೆಯುವವಳು. ಕೆಳಗೆ ಪಾದ್ರಿ ಸಣ್ಣ ಅಕ್ಷರದಲ್ಲಿ ಬರೆದಿದ್ದ: 'ಮೂರು ಸಲ ಕೇಳಿದರೂ ತಂದೆಯ ಹೆಸರು ಹೇಳಲಿಲ್ಲ. ಮಗುವನ್ನು ತಾನೇ ಸಾಕುವೆನೆಂದಳು.'

ಸಾಕಿಯೂ ಇದ್ದಳು. (ಈ ಸಲ ಹೊರೇಸ್ ಸತ್ತವರ ಪುಸ್ತಕವನ್ನೇ ಮೊದಲು ನೋಡಿದ.) ಅವಳ ಥಾಮಸ್ ಬಡಗಿಯಾಗಿ, ಆರು ಮಕ್ಕಳ ತಂದೆಯಾಗಿ, ಎಪ್ಪತ್ತೆಂಟು ವರ್ಷ ಬಾಳಿದ್ದ.

"ಭಾನುವಾರ ನಿಮ್ಮಕ್ಕನಿಗೆ ಏನಂತ ಹೇಳ್ಲಿ?" ಹೊರೇಸ್ ಕೇಳಿದ.

"ಇವಳ ವಿಷಯ ಹೇಳು. ಗೋಡೆ ಮೇಲೆ ಕೆತ್ತಿಸಬೇಕಾದ್ದು ಇಂಥವರ ಹೆಸರು."

ಒಗೆದು ಒಗೆದು ಬಿರಿದ ಕೈಗಳಲ್ಲಿ ಕೂಸನ್ನು ಎತ್ತಿಕೊಂಡು, ಊರಿಗೆ ಊರೇ ನೋಡುತ್ತಿರುವಾಗ ಬಾಯಿಬಿಡದೆ ನಿಂತವಳನ್ನು ಹೊರೇಸ್ ನೆನೆಸಿಕೊಂಡ. ಮೂಗು ಒರೆಸಿಕೊಂಡ. ಜಮೀನ್ದಾರನಿಗಾಗಿ ಅದನ್ನು ಒಂದು ದಿನವೂ ಒರೆಸಿಕೊಂಡಿರಲಿಲ್ಲ.

ಭಾನುವಾರ ವಂಶವೃಕ್ಷವನ್ನು ಮನೆಯಲ್ಲೇ ಬಿಟ್ಟು ಹೋದ. ಡ್ಯಾಫ್ನಿ ಪ್ರಶ್ನೆ ಕೇಳುವ ಮೊದಲೇ ಎದ್ದು ನಿಂತು, ಹ್ಯಾನಾಳ ಕಥೆಯನ್ನು ಏನೂ ಮುಚ್ಚಿಡದೆ ಹೇಳಿದ.

"ಓದು ಬರಹ ಬರ್ತಿರ್ಲಿಲ್ಲ ಅವಳಿಗೆ. ಮದುವೆ ರಿಜಿಸ್ಟರಿನಲ್ಲಿ ಮಗನ ಮದುವೆಗೆ ಅವಳೇ ಸಾಕ್ಷಿ. ರುಜು ಅಂತ ಓರೆಕೋರೆಯಾಗಿ ಎರಡು ಗೀಟು ಎಳೆದಿದಾಳೆ ಅಷ್ಟೆ. ಶಾಯಿಯೆಲ್ಲಾ ಹರಡಿಕೊಂಡಿದೆ. ಅದಕ್ಕಿಂತ ದೊಡ್ಡ ರುಜು ನಾನು ನೋಡಿಲ್ಲ, ಡ್ಯಾಫ್ನಿ."

ಡ್ಯಾಫ್ನಿಯ ಕೈಯಲ್ಲಿದ್ದ ಫೋರ್ಕು ಅಲ್ಲೇ ನಿಂತಿತ್ತು. ಕಣ್ಣು ತುಂಬಿತ್ತು.

"ಎಂಥಾ ಹೆಂಗಸು, ಹೊರೇಸ್! ನಮ್ಮ ಗೋಡೆ ಮೇಲಿರೋರಲ್ಲಿ ಒಬ್ಬರಿಗೂ ಅಷ್ಟು ಗಟ್ಟಿ ಎದೆ ಇರ್ಲಿಲ್ಲ."

ಮೂವತ್ತು ವರ್ಷಗಳ ಭಾನುವಾರಗಳ ಮೇಲೆ ದಿಗ್ವಿಜಯ! ಹೊರೇಸನ ಎದೆ ಕೋಟಿನ ಗುಂಡಿ ಕೀಳುವಷ್ಟು ಉಬ್ಬಿತು.

"ಅಂಥವಳ ರಕ್ತ ಹರೀತಿದೆ ನಿನ್ನಲ್ಲಿ," ಎಂದಳು ಡ್ಯಾಫ್ನಿ, ಕಣ್ಣೊರೆಸಿಕೊಳ್ಳುತ್ತಾ. "ಅವಳಿಂದ ನಿನಗೆ ಬಂದಿರೋದು ಯಾವುದು, ಹೇಳು ನೋಡೋಣ."

ಇಂಥ ಮಾತು ಇನ್ನೊಬ್ಬರ ಬಾಯಿಂದ ಬಂದರೇ ಶೋಭೆ. ಹೊರೇಸ್ ವಿನಯದಿಂದ ತಲೆ ತಗ್ಗಿಸಿ ಹೆಂಡತಿಯ ಕಡೆ ನೋಡಿದ. ಮೇವಿಸ್ ಬಾಯಲ್ಲಿದ್ದ ಆಲೂಗಡ್ಡೆಯನ್ನು ಸಾವಕಾಶವಾಗಿ ನುಂಗಿ, ನಿಜವಾಗಿಯೂ ಯೋಚಿಸಿದಳು.

"ಕೈಬರಹ," ಎಂದಳು.