ಕುಂಚಿಗೆಯ ಮೇಲಿನ ಸೇತುವೆ

ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೊರಟ ನಕಾಶೆಗೆ ದಾರಿಯಲ್ಲಿ ಏನಾದರೊಂದು ಆಗದೇ ಇರುವುದಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಬಸವನ ಬಾಗೇವಾಡಿಯ ಒಂದು ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಮೂಲ ನಕಾಶೆಯ ಮೇಲೆ ತೆಳ್ಳನೆಯ ಟ್ರೇಸಿಂಗ್ ಬಟ್ಟೆ ಹಾಸಿ, ಕೆಳಗೆ ಕಂಡ ಗೆರೆಗಳನ್ನೆಲ್ಲ ಅದರ ಮೇಲೆ ಎಳೆಯುವುದು ನನ್ನ ಕೆಲಸ. ಅದರಿಂದ ನೀಲಿ ಪ್ರತಿ ತೆಗೆದು ಬಸ್ಸಿಗೆ ಹಾಕಿ ಬೇರೆ ತಾಲೂಕಿಗೆ ಕಳಿಸುತ್ತಿದ್ದೆವು. ಊರಿಗೊಂದು ಪದ್ಧತಿ. ಇಂಡಿಯವರು ಫೂಟು-ಇಂಚು ಬಿಡುವವರಲ್ಲ, ಸಿಂದಗಿಯವರಿಗೆ ಮೀಟರ್ ಬಿಟ್ಟು ಬೇರೆ ಗೊತ್ತಿಲ್ಲ, ಮುದ್ದೇಬಿಹಾಳದವರು ಕಾಗದದಲ್ಲಿ ಏನಿದ್ದರೂ ನಂಬುವವರು.

ನಾನಿನ್ನೂ ಹಂಗಾಮಿ. ನಮ್ಮ ಎಂಜಿನಿಯರ್ ಸಾಹೇಬರು ಸಹಿ ಹಾಕಿದರೆ ನೌಕರಿ ಕಾಯಂ, ಕಾಯಂ ಆದರೆ ಮದುವೆ. ಹೆಣ್ಣಿನ ಅಪ್ಪ ಇಂಡಿಯವರು. "ಸಾಹೇಬರ ಸಹಿ ತೋರಸ್ರಿ, ಆಮ್ಯಾಲ ಲಗ್ನದ ಅಕ್ಕಿಕಾಳಿನ ಮಾತು" ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಹುಡುಗಿ ನನ್ನ ಮನಸ್ಸು ತುಂಬಿದ್ದಳು. ಹಾಗಾಗಿ ನಕಾಶೆಗಳ ಎಡವಟ್ಟಿಗೆ ಕಚೇರಿಯಲ್ಲಿ ಎಲ್ಲರೂ ನಕ್ಕಾಗ ನಾನು ಮಾತ್ರ ನನ್ನ ಗೆರೆಗಳನ್ನು ಮತ್ತೊಮ್ಮೆ ಅಳೆದು ನೋಡುತ್ತಿದ್ದೆ.

ಕನ್ನೊಳ್ಳಿಯ ಸಾಲಿ

ಇಂಡಿಯಲ್ಲಿ ಕಟ್ಟಿದ ಒಂದು ಶಾಲೆ ಸಾಹೇಬರಿಗೆ ಹಿಡಿಸಿತು. ಅದೇ ನಕಾಶೆ ಸಿಂದಗಿಯ ಕಡೆ ಕನ್ನೊಳ್ಳಿಗೂ ಹೋಯಿತು. ಅಂಕಿಗಳೆಲ್ಲ ಫೂಟಿನವು, ಆದರೆ ಇಂಡಿಯವರು ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ. ಇಡೀ ಲೋಕ ಫೂಟಿನಲ್ಲೇ ಇದೆ ಎಂದು ಅವರ ನಂಬಿಕೆ. ಸಿಂದಗಿಯ ಮೇಸ್ತ್ರಿ ಅದನ್ನೆಲ್ಲ ಮೀಟರ್ ಎಂದೇ ಓದಿ, ಬಯಲಿನಲ್ಲಿ ಸುಣ್ಣದ ಗೆರೆ ಹಾಕಿದ.

ಹೆಡ್‌ಮಾಸ್ತರರು ಬಂದು ನೋಡಿ ದಂಗಾದರು. "ಬಾಗಲದಾಗ ಎರಡು ಚಕ್ಕಡಿ ಜೋಡಿಲೇ ಹೋಗತಾವಲ್ಲೋ! ಇದೇನು ಸಾಲಿನೋ, ಅರಮನಿನೋ?"

ಮೇಸ್ತ್ರಿ ತಲೆ ಕೆಡಿಸಿಕೊಳ್ಳಲಿಲ್ಲ. "ನಕಾಶಿದಾಗ ಇದ್ದಂಗ ಹಾಕೇನ್ರಿ, ಮಾಸ್ತರ. ಹುಡುಗೂರು ಬೆಳೀತಾವಲ್ರಿ?"

ಅಡುಗೆಮನೆಯ ಬಾವಿ

ಇನ್ನೊಮ್ಮೆ ಮುದ್ದೇಬಿಹಾಳದ ಪ್ರವಾಸಿ ಬಂಗಲೆಯ ನಕಾಶೆ ನಮ್ಮಲ್ಲಿಂದ ಹೋಯಿತು. ಹೋಗುವ ಮುನ್ನ ಸಾಹೇಬರು ಅದರ ಮೇಲೆ ಚಹಾದ ಕಪ್ಪು-ಬಸಿ ಇಟ್ಟಿದ್ದರು. ದುಂಡಗೆ ಕಲೆ ಉಳಿಯಿತು. ಅಲ್ಲಿಯ ಟ್ರೇಸರ್ ಆ ಕಲೆಗೂ ಚೆಂದಾಗಿ ಶಾಯಿ ತಿದ್ದಿದ. ಅದು ಬಿದ್ದದ್ದು ಅಡುಗೆಮನೆಯ ನಟ್ಟನಡುವೆ. ನಕಾಶೆಯಲ್ಲಿ ದುಂಡು ಗೆರೆ ಎಂದರೆ ಬಾವಿ.

ಬಂಗಲೆ ಕಟ್ಟಿ ಮುಗಿದ ಮೇಲೆ ಅಲ್ಲಿಯ ಅಡುಗೆಯವ ಬಸ್ಸು ಹತ್ತಿ ನಮ್ಮಲ್ಲಿಗೇ ಬಂದ. ಸಾಹೇಬರ ಕಾಲು ಮುಟ್ಟಿ ನಮಸ್ಕಾರ ಮಾಡಿದ. "ಒಲಿ ಮುಂದ ಕುಂತಲ್ಲೇ ನೀರು ಸೇದೂ ಹಂಗ ಬಾಂವಿ ಹಾಕಿಸೀರಿ. ಅಡಗಿ ಮಾಡಾವನ ಸಂಕಟ ತಿಳದಾವ್ರು ನೀವೊಬ್ಬರ ನೋಡ್ರಿ."

ಸಾಹೇಬರು ಕೈಯಲ್ಲಿದ್ದ ಚಹಾವನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು.

ಕುಂಚಿಗೆ

ನಮ್ಮ ಹಿರಿಯ ನಕಾಶೆಗಾರರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದೆವು. ಟ್ರೇಸಿಂಗ್ ಬಟ್ಟೆ ಎಂದರೆ ಗಂಜಿ ಹಾಕಿದ ನಯವಾದ ಅರಿವೆ. ಬಿಸಿನೀರಿನಲ್ಲಿ ನೆನೆಸಿ ಗಂಜಿ ಬಿಡಿಸಿದರೆ ಮಲ್‌ಮಲ್ಲಿನಂಥ ಬಟ್ಟೆ ಸಿಗುತ್ತದೆ. ರದ್ದಾದ ನಕಾಶೆಗಳನ್ನು ಮನೆಗೆ ಒಯ್ದು ಒಗೆಯುವುದು ಆಗಿನ ರೂಢಿ. ಸಾಹೇಬರ ಕರ್ಚೀಫು ಕೂಡ ಹಳೆಯ ಒಂದು ಗೋದಾಮಿನ ನಕಾಶೆಯೇ ಆಗಿತ್ತು.

ಯಂಕಂಚಿಯ ಹಳ್ಳಕ್ಕೆ ಸೇತುವೆ, ನಮ್ಮ ಕಡೆಯ ಮಾತಿನಲ್ಲಿ ಪೂಲು, ಕಟ್ಟುವುದಿತ್ತು. ಅದರ ಟ್ರೇಸಿಂಗು ನನ್ನ ಕಪಾಟಿನಿಂದ ಕಾಣೆಯಾಯಿತು. ಮೂಲ ಪ್ರತಿಯನ್ನು ಮೊದಲೇ ಇಲಿ ತಿಂದಿತ್ತು. ಸಾಹೇಬರು ಕೆಂಡವಾದರು.

"ಸೋಮವಾರದೊಳಗ ನಕಾಶಿ ಸಿಗಲಿಲ್ಲಂದ್ರ, ನೀನೂ ನನ್ನ ಕಣ್ಣಿಗೆ ಸಿಗಬ್ಯಾಡ!"

ಭಾನುವಾರ ಇಂಗಳೇಶ್ವರದಲ್ಲಿ ಕಾಕಾ ಅವರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಸಾಹೇಬರೂ ಬಂದಿದ್ದರು, ಮುಖ ಬಿಗಿದುಕೊಂಡು. ನಾನು ಎಲೆಯ ಮೇಲಿನ ಹೋಳಿಗೆಯನ್ನು ಚೂರು ಚೂರು ಮಾಡುತ್ತ ಕುಳಿತಿದ್ದೆ. ಕಾಕಾ ಅವರ ಹೆಂಡತಿ ಕೂಸನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಮುಂದೆ ಹಾದುಹೋದರು. ಕೂಸಿನ ತಲೆಯಿಂದ ಬೆನ್ನಿನವರೆಗೆ ಬೆಳ್ಳಗಿನ ಕುಂಚಿಗೆ ಇಳಿಬಿದ್ದಿತ್ತು. ಅದರ ಮೇಲೆ ಮಸುಕಾಗಿ ಮೂರು ಕಮಾನು, ಹಳ್ಳದ ಗೆರೆ, ಮೂಲೆಯಲ್ಲಿ ಸಾಹೇಬರ ಸಹಿ.

"ನನ್ನ ಪೂಲು!" ಸಾಹೇಬರು ಎಲೆಯ ಮುಂದಿನಿಂದ ಜಿಗಿದೆದ್ದರು.

ಕಾಕಾ ರದ್ದಿ ಎಂದು ಒಯ್ದ ಸುರುಳಿಯಲ್ಲಿ ಅದೂ ಸೇರಿತ್ತು. ನನಗಂತೂ ಹೋದ ಜೀವ ಬಂದಂತಾಯಿತು. ಬಿಚ್ಚಿ ಕೊಡಿ ಎಂದರೆ ಅಜ್ಜಿ ಒಪ್ಪಲಿಲ್ಲ. "ತೊಟ್ಟಿಲದಾಗ ಹಾಕಿದ ಕುಂಚಿಗಿ ಇವತ್ತ ತಗ್ಯಾಂಗಿಲ್ರಿ. ಪೂಲು ನಾಳೆ ಕಟ್ರಿ."

ಕೂಸನ್ನು ಅಜ್ಜಿಯ ತೊಡೆಯ ಮೇಲೆ ಬೋರಲು ಮಲಗಿಸಿ, ಕುಂಚಿಗೆಯ ಸೆರಗನ್ನು ಪಕ್ಕದ ಮಣೆಯ ಮೇಲೆ ಹರಡಿ, ಕಚೇರಿಯಿಂದ ತರಿಸಿದ ಹೊಸ ಟ್ರೇಸಿಂಗ್ ಬಟ್ಟೆ ಹಾಸಿ ಪೆನ್ಸಿಲಿನಲ್ಲಿ ಗೆರೆ ಎಳೆಯತೊಡಗಿದೆ. ಸಾಹೇಬರು ಖುದ್ದಾಗಿ ಗಿಲಕಿ ಅಲ್ಲಾಡಿಸುತ್ತ ಕೂಸನ್ನು ರಮಿಸಿದರು. ಕೊನೆಯ ಕಮಾನಿಗೆ ಬಂದಾಗ ಕೂಸು ತನ್ನ ಕೆಲಸ ಮುಗಿಸಿತು. ಮಣೆಯವರೆಗೂ ಹರಿದು ಬಂದು ನನ್ನ ಬಟ್ಟೆಯ ಒಂದು ಮೂಲೆ ತೊಯ್ದಿತು. ಒಣಗಿದರೂ ಕಲೆ ಹೋಗಲಿಲ್ಲ. "ಇರಲಿ, ಕಳಸು" ಎಂದರು ಸಾಹೇಬರು.

ಕೆಲವು ದಿನಗಳ ನಂತರ ನನ್ನ ಕಾಯಂ ಆದೇಶ ಸಾಹೇಬರ ಮೇಜಿನ ಮೇಲಿತ್ತು. ಅವರು ಪೆನ್ನು ಎತ್ತಿದರು. ಆಗಲೇ ಯಂಕಂಚಿಯ ಕೆಲಸದ ಮೇಸ್ತ್ರಿ ನೀಲಿ ಪ್ರತಿ ಹಿಡಿದು ಒಳಗೆ ಬರಬೇಕೇ!

"ಸಾಹೇಬ್ರ, ಪೂಲಿನ ಬಾಜೂಕ ಒಂದು ಕೆರಿ ತೋರಿಸೀರಿ. ಊರೆಲ್ಲ ಹುಡುಕಿದ್ವಿ, ಸಿಗವಲ್ದು."

ಪೆನ್ನು ನಿಂತಿತು. ಕಾಕಾ ಮಾತ್ರ ತಲೆ ಎತ್ತದೆ ಹೇಳಿದರು: "ಆ ಕೆರಿ ಯಂಕಂಚ್ಯಾಗ ಇಲ್ಲೋ, ಇಂಗಳೇಶ್ವರದಾಗ ಐತಿ. ದಿನಾ ತುಂಬತೈತಿ."

ಸಾಹೇಬರು ಮೇಜು ಹಿಡಿದು ನಕ್ಕರು, ನಗುತ್ತಲೇ ಸಹಿ ಹಾಕಿದರು. ಅದು ಕಾಗದದ ತುಂಬ ಸೊಟ್ಟಸೊಟ್ಟಗೆ ಓಡಿತ್ತು. ಮರುದಿನವೇ ಇಂಡಿಗೆ ಒಯ್ದು ಹೆಣ್ಣಿನ ಅಪ್ಪನ ಮುಂದಿಟ್ಟೆ. ಅವರು ಕನ್ನಡಕ ಏರಿಸಿ, ಇಳಿಸಿ, ಬೆಳಕಿಗೆ ಹಿಡಿದು ನೋಡಿದರು.

"ಇದು ಸಾಹೇಬರದ ಸಹಿ ಅಂತ ಏನು ಖಾತ್ರಿ?"

"ಸಂಶಯ ಇದ್ರ ಇಂಗಳೇಶ್ವರಕ್ಕ ಹೋಗಿ ಬರ್ರಿ, ಮಾವಾರ" ಎಂದೆ. "ಅಲ್ಲೊಂದು ಕೂಸಿನ ಬೆನ್ನ ಮ್ಯಾಲ ಅವರದ ಇನ್ನೊಂದು ಸಹಿ ಐತಿ."